ಇನ್ನೂರು ಗ್ರಾಮಿನ ಲೆಕ್ಕ

ಅಂಗಡಿಯವರು ಜೇಬಿಗೆ ಕೈಹಾಕಿ ಒಂದು ರೂಪಾಯಿ ನಾಣ್ಯ ತೆಗೆದರು. ನಾನು ಕೊಟ್ಟ ಡ್ರೈವರಿನ, ಅಂದರೆ ಗಾಲ್ಫಿನಲ್ಲಿ ದೂರ ಹೊಡೆಯುವ ಕೋಲಿನ, ತುದಿಯ ಹೆಡ್ಡನ್ನು ಎಡ ಅಂಗೈಯಲ್ಲಿ ಮೊಟ್ಟೆಯಂತೆ ಕೂರಿಸಿಕೊಂಡು, ಅದರ ಕಪ್ಪು ನೆತ್ತಿಯ ಮೇಲೆ ನಾಣ್ಯದ ಅಂಚಿನಿಂದ ಟಕ್ ಟಕ್ ಎಂದು ಬಡಿಯುತ್ತಾ ಹೋದರು. ಮುಂದಿನಿಂದ ಹಿಂದಕ್ಕೆ, ಆಮೇಲೆ ಅಂಚಿನುದ್ದಕ್ಕೂ ಒಂದು ಸುತ್ತು. ಕಣ್ಣು ಗೋಡೆಯ ಮೇಲೆಲ್ಲೋ ನೆಟ್ಟಿತ್ತು. ನೋಡುವ ಕೆಲಸವನ್ನೆಲ್ಲ ಕಿವಿ ಮಾಡುತ್ತಿತ್ತು.

“ಏನ್ ನೋಡ್ತಿದ್ದೀರಣ್ಣ?”

“ಪದರ ಬಿಟ್ಟಿದೆಯಾ ಅಂತ ಸಾರ್. ಗಟ್ಟಿ ಇದ್ರೆ ಟಕ್ ಅನ್ನುತ್ತೆ. ಒಳಗೆ ಬಿಟ್ಕೊಂಡಿದ್ರೆ ಡಬ್ ಅನ್ನುತ್ತೆ. ಇದು ಚೆನ್ನಾಗೇ ಇದೆ. ನಿಮ್ಮ ಗಲಗಲ ಬರ್ತಿರೋದು ಬೇರೆ ಎಲ್ಲಿಂದಲೋ.”

ಬೆಂಗಳೂರಿನ ಕೋಡಿಹಳ್ಳಿ ಕಡೆಯ ಒಂದು ಗಲ್ಲಿಯಲ್ಲಿ, ಟೈಲರಿಂಗ್ ಅಂಗಡಿಯೊಂದರ ಪಕ್ಕ, ಎರಡಾಳು ನಿಂತರೆ ತುಂಬಿಹೋಗುವ ಜಾಗ ಅದು. ಅಂಗಡಿಯವರು ಹುಡುಗನಾಗಿದ್ದಾಗ ಕ್ಯಾಡಿಯಾಗಿ ಬೇರೆಯವರ ಬ್ಯಾಗು ಹೊತ್ತವರು. ಈಗ ಗ್ರಿಪ್ ಬದಲಿಸುವುದು, ಕೋಲಿನ ದಂಡವಾದ ಶಾಫ್ಟ್ ಕೂರಿಸುವುದು, ಸಡಿಲವಾದದ್ದನ್ನು ಅಂಟಿಸುವುದೇ ಅವರ ಜೀವನ. ಕಡಲೆಕಾಳು ಹಾಕಿದ ಡಬ್ಬಿಯಂತೆ ಸದ್ದು ಮಾಡುತ್ತಿದ್ದ ನನ್ನ ಡ್ರೈವರನ್ನು ಅವರ ಬಳಿಗೆ ಕೊಂಡೊಯ್ದಿದ್ದೆ.

ನಾಣ್ಯ ಬಡಿದು ಪದರ ಪರೀಕ್ಷಿಸುವ ಈ ವಿದ್ಯೆ ವಿಮಾನದವರದು. ಕಾರ್ಬನ್ ಫೈಬರ್ ರೆಕ್ಕೆಯೊಳಗೆ ಪದರ ಬೇರ್ಪಟ್ಟಿದ್ದರೆ ಹೊರಗಣ್ಣಿಗೆ ಕಾಣುವುದಿಲ್ಲ, ಸದ್ದಿನಲ್ಲಿ ಸಿಕ್ಕಿಬೀಳುತ್ತದೆ. ಆ ಗಲ್ಲಿಯಿಂದ ತುಸು ದೂರದಲ್ಲೇ ಹಳೆಯ ಎಚ್‌ಎಎಲ್ ವಿಮಾನ ನಿಲ್ದಾಣವಿದೆ. 2001ರ ಜನವರಿ 4ರಂದು ತೇಜಸ್ ಯುದ್ಧವಿಮಾನ ಮೊದಲ ಸಲ ಹಾರಿದ್ದು ಅಲ್ಲಿಂದ. ಅದರ ಒಡಲಿನ ತೂಕದಲ್ಲಿ ಸುಮಾರು ಶೇ 45ರಷ್ಟು ಕಾರ್ಬನ್ ಸಂಯುಕ್ತ ವಸ್ತು. ಅದನ್ನು ರೂಪಿಸಲು ದುಡಿದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ಎನ್‌ಎಎಲ್ ಇರುವುದೂ ಅದೇ ಕೋಡಿಹಳ್ಳಿಯಲ್ಲಿ. ಹತ್ತಿರದಲ್ಲೇ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹಸಿರು ಮೈದಾನ. ಯುದ್ಧವಿಮಾನದ ರೆಕ್ಕೆಗೂ ಚೆಂಡು ಹೊಡೆಯುವ ಕೋಲಿನ ತುದಿಗೂ ಒಂದೇ ಬಗೆಯ ಬಟ್ಟೆ, ಒಂದೇ ಬಗೆಯ ಅಂಟು. ಎರಡರಲ್ಲೂ ಎಂಜಿನಿಯರು ತಲೆ ಕೆಡಿಸಿಕೊಳ್ಳುವುದು ಗ್ರಾಂ ಉಳಿಸುವುದಕ್ಕೇ. ಆದರೆ ವಿಮಾನದಲ್ಲಿ ಉಳಿಸಿದ ತೂಕ ಉಳಿತಾಯವಾಗಿಯೇ ಇರುತ್ತದೆ. ಗಾಲ್ಫ್ ಹೆಡ್ಡಿನಲ್ಲಿ ಉಳಿಸಿದ್ದಷ್ಟನ್ನೂ ಮತ್ತೆ ಅದೇ ಹೆಡ್ಡಿನೊಳಗೆ ಹಾಕುತ್ತಾರೆ, ಜಾಗ ಮಾತ್ರ ಬೇರೆ. ಈ ಇಡೀ ಕಸುಬಿನ ಗುಟ್ಟು ಆ ಜಾಗ ಬದಲಾವಣೆಯಲ್ಲಿದೆ.

ಮೇಜಿನ ಮೇಲೆ ಅವರು ಹ್ಯಾಕ್ಸಾ ಬ್ಲೇಡಿನಲ್ಲಿ ಸೀಳಿಟ್ಟ ಒಂದು ಹಳೆಯ ಹೆಡ್ ಇತ್ತು. ಎತ್ತಿಕೊಂಡು ನೋಡಿದೆ. ಚೆಂಡಿಗೆ ತಾಗುವ ಮುಂಭಾಗ, ಅಂದರೆ ಫೇಸ್, ಬೂದುಬಣ್ಣದ ಟೈಟಾನಿಯಂ. ಮಧ್ಯದಲ್ಲಿ ಮೂರು ಮಿಲಿಮೀಟರಿನಷ್ಟು ದಪ್ಪ, ಅಂಚಿಗೆ ಹೋದಂತೆ ತೆಳು. ಅದರ ಹಿಂದೆ ಅದೇ ಲೋಹದ ಹಂದರ. ನೆತ್ತಿಯ ಮುಚ್ಚಳ, ಗಾಲ್ಫಿನವರ ಮಾತಿನಲ್ಲಿ ಕ್ರೌನ್, ಕಾರ್ಬನ್ ಫೈಬರಿನದು. ಸೀಳಿದ ಅಂಚಿನಲ್ಲಿ ಹಳೆಯ ನೋಟುಪುಸ್ತಕದ ಹಾಳೆಗಳಂತೆ ಪದರಗಳು ಕಾಣುತ್ತಿದ್ದವು. ಒಟ್ಟು ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ಹಿಂಬದಿಯ ತಳದಲ್ಲಿ, ಎಲ್ಲಕ್ಕಿಂತ ದೂರದ ಮೂಲೆಯಲ್ಲಿ, ಕೈಗೆ ಆಶ್ಚರ್ಯವಾಗುವಷ್ಟು ಭಾರದ ಚಿಕ್ಕ ಟಂಗ್‌ಸ್ಟನ್ ತುಂಡು. ಒಳಗೆ ಸಣ್ಣ ಪಕ್ಕೆಲುಬುಗಳು, ಒಂದೆರಡು ಕಡೆ ಹಳದಿ ಅಂಟಿನ ಹನಿ. ಉಳಿದಂತೆ ಖಾಲಿ.

ಆ ಖಾಲಿತನದ ಬೆಲೆ ತಿಳಿಯಬೇಕಾದರೆ ಒಂದು ಸಣ್ಣ ಲೆಕ್ಕ ಹಾಕಬೇಕು. ಡ್ರೈವರಿನ ಹೆಡ್ ಸುಮಾರು 200 ಗ್ರಾಂ ತೂಗಬೇಕು. ಹೆಚ್ಚಾದರೆ ಬೀಸುವ ವೇಗ ಇಳಿಯುತ್ತದೆ, ಕಡಿಮೆಯಾದರೆ ಹೊಡೆತದಲ್ಲಿ ಹುರುಳಿರುವುದಿಲ್ಲ. ನಿಯಮದ ಪ್ರಕಾರ ಅದರ ಗಾತ್ರ 460 ಘನ ಸೆಂಟಿಮೀಟರ್ (ಸಿಸಿ) ಮೀರುವಂತಿಲ್ಲ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ತುಸು ಚಿಕ್ಕದು. ಇಷ್ಟು ದೊಡ್ಡ ಪೊಳ್ಳು ಬುರುಡೆಯನ್ನು ಸರಾಸರಿ 0.8 ಮಿಲಿಮೀಟರ್ ದಪ್ಪದ ಉಕ್ಕಿನಲ್ಲಿ ಮಾಡಿದರೆ, ಗೋಲದಂತೆ ಅತಿ ಮಿತವ್ಯಯದ ಆಕಾರ ಕೊಟ್ಟರೂ, ಚಿಪ್ಪೇ 180 ಗ್ರಾಂ ತಿಂದುಹಾಕುತ್ತದೆ. ಚೆಂಡಿನ ಪೆಟ್ಟು ತಡೆಯುವ ಫೇಸಿಗೆ, ಶಾಫ್ಟ್ ಕೂರುವ ಕೊಳವೆಗೆ ಉಳಿಯುವುದು 20 ಗ್ರಾಂ. ಟೈಟಾನಿಯಂ ಆದರೆ ಅದೇ ಚಿಪ್ಪು 100 ಗ್ರಾಮಿನ ಆಸುಪಾಸು. ಘನ ಸೆಂಟಿಮೀಟರಿಗೆ ಉಕ್ಕು 7.8 ಗ್ರಾಂ ತೂಗಿದರೆ ಟೈಟಾನಿಯಂ ಮಿಶ್ರಲೋಹ 4.4, ಕಾರ್ಬನ್ ಸಂಯುಕ್ತ 1.6ಕ್ಕೂ ತುಸು ಕಡಿಮೆ, ಟಂಗ್‌ಸ್ಟನ್ 19ಕ್ಕೂ ಹೆಚ್ಚು. ಸ್ವೀಡಿಷ್ ಭಾಷೆಯಲ್ಲಿ ಟಂಗ್‌ಸ್ಟನ್ ಎಂದರೆ ‘ಭಾರದ ಕಲ್ಲು’. ಇಟ್ಟವರು ಸರಿಯಾಗಿಯೇ ಹೆಸರಿಟ್ಟಿದ್ದಾರೆ.

ಹಲವು ವಸ್ತು ಬೆರೆಸಿ ಹೆಡ್ ಮಾಡುವುದು ನಮ್ಮ ಕಾಲದ ಆವಿಷ್ಕಾರ ಎಂದು ಜಾಹೀರಾತು ನೋಡಿದವರಿಗೆ ಅನಿಸೀತು. ಅದು ನಿಜವಲ್ಲ. ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ, ಸೇಂಟ್ ಆಂಡ್ರೂಸಿನ ಹ್ಯೂ ಫಿಲ್ಪ್ ಅವರಂಥ ಕುಶಲಿಗಳು ಉದ್ದಮೂತಿಯ ಮರದ ಹೆಡ್ಡುಗಳನ್ನು ಕೆತ್ತುತ್ತಿದ್ದಾಗಲೇ ಬೆನ್ನಿನಲ್ಲಿ ಗುಳಿ ತೋಡಿ ಕಾದ ಸೀಸ ಎರೆಯುತ್ತಿದ್ದರು. ನೆಲಕ್ಕೆ ಉಜ್ಜುವ ಕೆಳ ಅಂಚಿಗೆ ಟಗರಿನ ಕೊಂಬಿನ ಪಟ್ಟಿ ಕೂರಿಸುತ್ತಿದ್ದರು. ಮರ ರೂಪಕ್ಕೆ, ಸೀಸ ತೂಕಕ್ಕೆ, ಕೊಂಬು ಸವೆತಕ್ಕೆ. ಇಂದಿನ ಟೈಟಾನಿಯಂ, ಟಂಗ್‌ಸ್ಟನ್, ಕಾರ್ಬನ್ ಹಂಚಿಕೊಂಡಿರುವುದು ಹೆಚ್ಚುಕಡಿಮೆ ಇದೇ ಕೆಲಸವನ್ನು. ಆಮೇಲೆ ಬಂದ ಪರ್ಸಿಮನ್ ಮರ ನಮಗೆ ತೀರಾ ಅಪರಿಚಿತವೇನಲ್ಲ; ಬೀಡಿ ಎಲೆಯ ಮರವೂ ಕರಿಮರವೂ ಅದೇ ಕುಲದವು. ಗಟ್ಟಿಯಾದ ಆ ಅಮೆರಿಕನ್ ಮರಕ್ಕೆ ಎಣ್ಣೆ ಕುಡಿಸಿ, ತಳಕ್ಕೆ ಹಿತ್ತಾಳೆ ತಗಡು ಹೊಡೆದು, ಅದರಡಿ ಸೀಸ ತುಂಬಿ ಹಲವು ದಶಕ ಆಡಿದರು. 1993ರ ಮಾಸ್ಟರ್ಸ್ ಪಂದ್ಯಾವಳಿಯನ್ನು ಬರ್ನ್‌ಹಾರ್ಡ್ ಲ್ಯಾಂಗರ್ ಗೆದ್ದಾಗಲೂ ಕೈಯಲ್ಲಿದ್ದದ್ದು ಪರ್ಸಿಮನ್ ಡ್ರೈವರ್.

ಆದರೆ ಮರದ ಹೆಡ್ ಗಟ್ಟಿ ಮುದ್ದೆ, ಅದರ ತೂಕವೆಲ್ಲ ಹೊಟ್ಟೆಯಲ್ಲಿ. 1979ರಲ್ಲಿ ಗ್ಯಾರಿ ಆಡಮ್ಸ್ ಎಂಬವರು ಅಮೆರಿಕದ ಇಲಿನಾಯ್‌ನಲ್ಲಿ ಟೇಲರ್‌ಮೇಡ್ ಕಂಪನಿ ಕಟ್ಟಿ, ಸ್ಟೇನ್‌ಲೆಸ್ ಸ್ಟೀಲಿನ ಪೊಳ್ಳು ಡ್ರೈವರನ್ನು ಮಾರುಕಟ್ಟೆಗೆ ತಂದರು. ಪ್ರೀತಿಯಿಂದ ಅದನ್ನು ‘ಪಿಟ್ಸ್‌ಬರ್ಗ್ ಪರ್ಸಿಮನ್’ ಎಂದರು, ಪಿಟ್ಸ್‌ಬರ್ಗ್ ಉಕ್ಕಿನ ಊರಾದ್ದರಿಂದ. ಹೊಟ್ಟೆ ಖಾಲಿಯಾದ ಕೂಡಲೇ ತೂಕ ಗೋಡೆಗೆ ಸರಿಯಿತು. 1991ರಲ್ಲಿ ಕ್ಯಾಲವೇ ಕಂಪನಿಯ ‘ಬಿಗ್ ಬರ್ತಾ’ ಬಂತು, 190 ಸಿಸಿ ಉಕ್ಕಿನದು. 1995ರಲ್ಲಿ ಅದರಕ್ಕ ‘ಗ್ರೇಟ್ ಬಿಗ್ ಬರ್ತಾ’, 250 ಸಿಸಿ ಟೈಟಾನಿಯಂ. ಅಲ್ಲಿಂದ ಹತ್ತು ವರ್ಷ ತುಂಬುವ ಮುನ್ನವೇ ಗಾತ್ರ 460ಕ್ಕೆ ಮುಟ್ಟಿ, ನಿಯಮದ ಗೋಡೆಗೆ ತಲೆ ತಾಗಿ ನಿಂತಿತು.

ಟೈಟಾನಿಯಂ ಹೆಡ್ ಎರಕ ಹೊಯ್ಯುವ ರೀತಿ ನನಗೆ ಬಹಳ ಇಷ್ಟ. ಮೊದಲು ಹೆಡ್ಡಿನ ಪ್ರತಿರೂಪವನ್ನು ಮೇಣದಲ್ಲಿ ಮಾಡುತ್ತಾರೆ. ಅದನ್ನು ಸೆರಾಮಿಕ್ ಗೊಜ್ಜಿನಲ್ಲಿ ಅದ್ದಿ, ಒಣಗಿಸಿ, ಮತ್ತೆ ಅದ್ದಿ ಚಿಪ್ಪು ಕಟ್ಟಿಸುತ್ತಾರೆ. ಬಿಸಿ ಮಾಡಿದಾಗ ಮೇಣ ಕರಗಿ ಹರಿದುಹೋಗುತ್ತದೆ, ಅದು ಬಿಟ್ಟ ಜಾಗಕ್ಕೆ ಲೋಹ ಬರುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದಲ್ಲಿ ವಿಗ್ರಹಗಳ ಎರಕದ ಬಗ್ಗೆ ಬರೆದಿಟ್ಟದ್ದು ಇದೇ ಮೇಣದ ವಿಧಾನವನ್ನು; ಮೇಣ ತೂಗಿ ಅದರಿಂದ ಲೋಹದ ಲೆಕ್ಕ ಹಿಡಿಯುವುದನ್ನೂ ಆತ ಹೇಳುತ್ತಾನೆ. ಇಂದು ಬದಲಾಗಿರುವುದು ಲೋಹದ ಸ್ವಭಾವ. ಟೈಟಾನಿಯಂ ಕರಗಲು 1,668 ಡಿಗ್ರಿ ಸೆಲ್ಸಿಯಸ್ ಬೇಕು. ಆ ಕಾವಿನಲ್ಲಿ ಅದು ಗಾಳಿಯ ಆಮ್ಲಜನಕವನ್ನು ಹೀರಿ ಪೆಡಸಾಗುತ್ತದೆ. ಹಾಗಾಗಿ ಕರಗಿಸುವುದೂ ಹೊಯ್ಯುವುದೂ ನಿರ್ವಾತದಲ್ಲಿ. ತೆಳು ಗೋಡೆಗಳ ತುದಿವರೆಗೂ ಲೋಹ ನುಗ್ಗಲಿ ಎಂದು ಅಚ್ಚನ್ನು ಗರಗರ ತಿರುಗಿಸುತ್ತಲೇ ಹೊಯ್ಯುವುದುಂಟು. ಆಮೇಲೆ ಮೇಲ್ಮೈಯ ಪೆಡಸು ಪೊರೆಯನ್ನು ಆಮ್ಲದಲ್ಲಿ ತಿನ್ನಿಸಿ ತೆಗೆಯಬೇಕು.

ಈಗ ಮೊದಲು ಹೇಳಿದ ಜಾಗ ಬದಲಾವಣೆಯ ಗುಟ್ಟಿಗೆ ಬರೋಣ. ತೂಕವನ್ನು ಅತ್ತಿತ್ತ ಸರಿಸಿ ಆಗುವ ಪ್ರಯೋಜನವೇನು?

ಕಾವಡಿ ಹೊತ್ತವರನ್ನು ಜಾತ್ರೆಯಲ್ಲಿ ನೋಡಿರುತ್ತೀರಿ. ಇಪ್ಪತ್ತು ಕಿಲೋ ಅಕ್ಕಿ ಮೂಟೆಯನ್ನು ತಲೆಮೇಲೆ ಹೊತ್ತವನನ್ನು ಯಾರಾದರೂ ಭುಜಕ್ಕೆ ತಾಗಿದರೆ ಗಿರ್ರನೆ ತಿರುಗಿಬಿಡುತ್ತಾನೆ. ಅದೇ ಇಪ್ಪತ್ತು ಕಿಲೋವನ್ನು ಹತ್ತು ಹತ್ತಾಗಿ ಕಾವಡಿಯ ಎರಡು ತುದಿಗೆ ಕಟ್ಟಿದರೆ ತಿರುಗಿಸುವುದು ಸುಲಭವಲ್ಲ. ತೂಕ ಅಷ್ಟೇ, ದೂರ ಬೇರೆ. ತಿರುಗದೆ ನಿಲ್ಲುವ ಈ ಹಟವನ್ನು ಎಂಜಿನಿಯರುಗಳು ಮೊಮೆಂಟ್ ಆಫ್ ಇನರ್ಷಿಯಾ ಎನ್ನುತ್ತಾರೆ. ಅಂಗಡಿಗಳಲ್ಲಿ ಬಾಯಿಗೆ ಬರುವುದು ಎಂಓಐ. ಅದರ ಒಂದು ಗುಣ ನೆನಪಿಡಬೇಕು: ತೂಕವನ್ನು ನಡುವಿನಿಂದ ಎರಡು ಪಟ್ಟು ದೂರ ಇಟ್ಟರೆ ಹಟ ನಾಲ್ಕು ಪಟ್ಟಾಗುತ್ತದೆ. ಜನರಲ್ ಎಲೆಕ್ಟ್ರಿಕ್‌ನಲ್ಲಿ ಎಂಜಿನಿಯರಾಗಿದ್ದ ಕಾರ್ಸ್ಟನ್ ಸೋಲ್‌ಹೈಮ್ 1950ರ ದಶಕದ ಕೊನೆಯಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿ ತುದಿಗಳಿಗೆ ತೂಕ ಹಂಚಿದ ಪಟರ್, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ಕೋಲು, ಮಾಡಿದರು. ಐಸ್‌ಕ್ರೀಂ ಕಡ್ಡಿಯ ಎರಡೂ ತುದಿಗೆ ಸಕ್ಕರೆ ಅಚ್ಚು ಅಂಟಿಸಿ ಅವರು ಈ ತತ್ತ್ವವನ್ನು ಪರೀಕ್ಷಿಸಿದರು ಎಂಬ ಕಥೆಯಿದೆ. ಅದೂ ಕಾವಡಿಯೇ. ಚೆಂಡಿಗೆ ತಾಗಿದಾಗ ಆ ಪಟರ್ ಮಾಡಿದ ಸದ್ದಿನಿಂದ ಅವರ ಕಂಪನಿಗೆ ‘ಪಿಂಗ್’ ಎಂಬ ಹೆಸರು ಬಂತು.

ಡ್ರೈವರಿನ ನಟ್ಟನಡುವೆ ಚೆಂಡು ತಾಗಿಸುವವರು ಕಡಿಮೆ. ಶಾಫ್ಟಿನ ಕಡೆಯ ತುದಿ ಹೀಲ್, ಆಚೆಯ ತುದಿ ಟೋ. ಟೋ ಕಡೆ ತಾಗಿದರೆ ಹೆಡ್ ಹಿಂದಕ್ಕೆ ತಿರುಚಿಕೊಳ್ಳುತ್ತದೆ. ಚೆಂಡಿಗೆ ಹೋಗಬೇಕಾದ ಶಕ್ತಿ ತಿರುಚುವುದಕ್ಕೆ ವ್ಯಯವಾಗಿ ವೇಗ ಇಳಿಯುತ್ತದೆ, ದಿಕ್ಕೂ ತಪ್ಪುತ್ತದೆ. ಎಂಓಐ ಜಾಸ್ತಿಯಿದ್ದರೆ ಹೆಡ್ ಅಲ್ಲಾಡದೆ ನಿಂತು, ಅರ್ಧ ಅಂಗುಲ ಆಚೀಚೆ ತಾಗಿದ ಹೊಡೆತವನ್ನೂ ಫೇರ್‌ವೇ ಎಂಬ ಸಮಹುಲ್ಲಿನ ಹಾದಿಯೊಳಗೆ ಉಳಿಸುವ ಸಂಭವ ಹೆಚ್ಚುತ್ತದೆ. ಗಾಲ್ಫಿನವರು ಇದನ್ನು ಹೆಡ್ಡಿನ ಕ್ಷಮಾಗುಣ ಎನ್ನುತ್ತಾರೆ. ಆ ಮಾತು ನನಗೆ ಒಪ್ಪಿಗೆ. ವಾರವಿಡೀ ಕಚೇರಿಯಲ್ಲಿ ಕೂತು ಭಾನುವಾರ ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬರುವ ಅರವತ್ತು ವರ್ಷದವರ ಕೈ ನಡುಗಿದರೂ ಕೋಲು ಅವರನ್ನು ಅವಮಾನಿಸಬಾರದು.

ಇಲ್ಲಿ ಕಾರ್ಬನ್ ಬರುತ್ತದೆ. ಕ್ರೌನಿನ ವಿಸ್ತೀರ್ಣ ಸುಮಾರು 115 ಚದರ ಸೆಂಟಿಮೀಟರ್ ಎಂದುಕೊಳ್ಳಿ. 0.6 ಮಿಲಿಮೀಟರ್ ದಪ್ಪದ ಟೈಟಾನಿಯಂ ಆದರೆ ಅದರ ತೂಕ 30 ಗ್ರಾಂ. ಸ್ವಲ್ಪ ದಪ್ಪವಾಗಿಯೇ, 0.75 ಮಿಲಿಮೀಟರ್ ಕಾರ್ಬನ್ ಹೊದಿಸಿದರೂ 14 ಗ್ರಾಮಿಗೆ ಮುಗಿಯುತ್ತದೆ. ಉಳಿದದ್ದು 15–16 ಗ್ರಾಂ, ನಾಲ್ಕೈದು ಒಂದು ರೂಪಾಯಿ ನಾಣ್ಯದಷ್ಟು. ಇದಕ್ಕಾಗಿ ಇಷ್ಟೆಲ್ಲ ಸಾಹಸವೇ ಎನಿಸಬಹುದು. ಆ 15 ಗ್ರಾಮನ್ನು ಟಂಗ್‌ಸ್ಟನ್ ಮಾಡಿದರೆ ಕಾಬೂಲ್ ಕಡಲೆಗಿಂತ ತುಸು ದಪ್ಪದ ಗುಂಡಿನಲ್ಲಿ ಹಿಡಿಯುತ್ತದೆ. ಗುರುತ್ವ ಕೇಂದ್ರದಿಂದ 6 ಸೆಂಟಿಮೀಟರ್ ದೂರದ ಹಿಂಬದಿ ಮೂಲೆಗೆ ಅದನ್ನು ತಳ್ಳಿ: 15ನ್ನು 36ರಿಂದ ಗುಣಿಸಿದರೆ 540. ಹೀಲಿನಿಂದ ಟೋವರೆಗಿನ ತಿರುಚುವಿಕೆಗೆ ನಿಯಮ ಹಾಕಿರುವ ಎಂಓಐ ಮಿತಿ 5,900 ಗ್ರಾಂ-ಚದರ ಸೆಂಟಿಮೀಟರ್. ಅಂದರೆ ನಾಲ್ಕೈದು ನಾಣ್ಯ ಜಾಗ ಬದಲಿಸಿದ್ದಕ್ಕೆ ಮಿತಿಯ ಸುಮಾರು ಹತ್ತರಲ್ಲೊಂದು ಭಾಗದಷ್ಟು ಗಳಿಕೆ. ನೆತ್ತಿಯ ಭಾರ ಇಳಿದದ್ದರಿಂದ ಗುರುತ್ವ ಕೇಂದ್ರವೂ ಕೆಳಗಿಳಿಯುತ್ತದೆ, ಚೆಂಡು ಎತ್ತರಕ್ಕೆ ಏಳಲು ಅದು ಸಹಾಯಕ. ಎಲ್ಲ ತೂಕವನ್ನೂ ಹಿಂದಕ್ಕೇ ದಬ್ಬಿದರೂ ತೊಂದರೆಯಿದೆ; ಚೆಂಡಿನ ಹಿಮ್ಮುಖ ಸುತ್ತು ಹೆಚ್ಚಿ, ಬಲವಾಗಿ ಹೊಡೆಯುವವರ ಚೆಂಡು ಆಕಾಶಕ್ಕೇರಿ ದೂರ ಕಳೆದುಕೊಳ್ಳುತ್ತದೆ. ಅಂಥವರಿಗಾಗಿಯೇ ಮುಂದಕ್ಕೆ ಹಿಂದಕ್ಕೆ ಬದಲಿಸಬಹುದಾದ ತೂಕದ ಸ್ಕ್ರೂಗಳನ್ನು ಇಡುತ್ತಾರೆ.

ಇಷ್ಟು ಲಾಭದ ವಸ್ತುವಾದರೆ ಇಡೀ ಹೆಡ್ಡನ್ನೇ ಕಾರ್ಬನ್ನಿನಲ್ಲಿ ಮಾಡಬಾರದೇಕೆ? ಮಾಡಿ ನೋಡಿದ್ದಾರೆ. 2002ರಲ್ಲಿ ಕ್ಯಾಲವೇ ‘ಸಿ4’ ಎಂಬ ಪೂರ್ಣ ಸಂಯುಕ್ತ ವಸ್ತುವಿನ ಡ್ರೈವರ್ ತಂದಿತು. ಬಡಿದರೆ ಮೆತ್ತನೆಯ ದಬ್ ಸದ್ದು. ಅದು ಹೆಚ್ಚು ದಿನ ಬಾಳಲಿಲ್ಲ. ಎರಡು ವರ್ಷದ ನಂತರ ಅದೇ ಕಂಪನಿ ಟೈಟಾನಿಯಂ ಫೇಸಿಗೆ ಕಾರ್ಬನ್ ಒಡಲು ಜೋಡಿಸಿ ‘ಫ್ಯೂಷನ್’ ಹೆಸರಿನಲ್ಲಿ ತಂದಾಗ ದಾರಿ ಸಿಕ್ಕಿತು. ಕಾರಣ ನಾರಿನ ಸ್ವಭಾವದಲ್ಲೇ ಇದೆ. ಬಿದಿರ ಸೀಳನ್ನು ಉದ್ದಕ್ಕೆ ಎಳೆದರೆ ಎಷ್ಟು ಎಳೆದರೂ ತುಂಡಾಗದು, ಕೊನೆಯಲ್ಲಿ ಮಚ್ಚಿನ ಅಂಚು ಇಟ್ಟು ಒತ್ತಿದರೆ ನಾರುಗಳ ನಡುವೆ ಸಲೀಸಾಗಿ ಸೀಳುತ್ತದೆ. ಕಾರ್ಬನ್ನೂ ಹಾಗೆಯೇ: ನಾರಿನ ದಿಕ್ಕಿನಲ್ಲಿ ಉಕ್ಕನ್ನು ನಾಚಿಸುವ ಬಲ, ಪದರ ಪದರಗಳ ನಡುವೆ ಬರೀ ಅಂಟಿನ ಬಲ. ಅದಕ್ಕೇ ಒಂದು ಹಾಳೆಯ ನಾರು ಉದ್ದಕ್ಕೆ, ಮುಂದಿನದು ಓರೆಗೆ, ಅದರ ಮೇಲಿನದು ಅಡ್ಡಕ್ಕೆ ಎಂದು ಪೇರಿಸುತ್ತಾರೆ. ಅಂಟು ಹೀರಿದ ಆ ಹಾಳೆಗಳನ್ನು ಕೆಲಸಕ್ಕೆ ತೆಗೆಯುವವರೆಗೂ ಫ್ರೀಜರಿನಲ್ಲಿ ಕಾಪಾಡಬೇಕು, ಆಮೇಲೆ ಅಚ್ಚಿನಲ್ಲಿಟ್ಟು ಕಾವು ಒತ್ತಡ ಕೊಟ್ಟು ಬೇಯಿಸಬೇಕು.

ಫೇಸಿನ ಮೇಲೆ ಬೀಳುವ ಪೆಟ್ಟಿನ ಅಂದಾಜು ಹೇಳುತ್ತೇನೆ. ನುರಿತ ವೃತ್ತಿಪರ ಆಟಗಾರ ಹೊಡೆದ 46 ಗ್ರಾಮಿನ ಚೆಂಡು ಗಂಟೆಗೆ 270 ಕಿಲೋಮೀಟರ್ ವೇಗ ಪಡೆಯುತ್ತದೆ. ಕೋಲು ಮತ್ತು ಚೆಂಡು ಒಟ್ಟಿಗಿರುವುದು ಸೆಕೆಂಡಿನ ಎರಡು ಸಾವಿರ ಭಾಗಗಳಲ್ಲಿ ಒಂದು ಭಾಗ. ಆ ಕ್ಷಣದಲ್ಲಿ ಫೇಸಿನ ಮೇಲೆ ಬೀಳುವ ಸರಾಸರಿ ಒತ್ತು ಸುಮಾರು ಏಳು ಕ್ವಿಂಟಲ್. ಒತ್ತು ಗರಿಷ್ಠಕ್ಕೇರಿದಾಗ ಇನ್ನೂ ಹೆಚ್ಚು. ತೆಳು ಟೈಟಾನಿಯಂ ಆಗ ಒಳಕ್ಕೆ ಬಾಗಿ ಮತ್ತೆ ಪುಟಿಯುತ್ತದೆ. ಫೇಸ್ ಬಾಗಿದಷ್ಟೂ ಚೆಂಡು ಜಜ್ಜಿಹೋಗುವುದು ಕಡಿಮೆಯಾಗಿ, ಚೆಂಡಿನೊಳಗೆ ಬಿಸಿಯಾಗಿ ಕಳೆದುಹೋಗುತ್ತಿದ್ದ ಶಕ್ತಿ ಉಳಿಯುತ್ತದೆ. ಈ ಪುಟಿತಕ್ಕೂ ಮಿತಿಯಿದೆ. ನಿಯಮ ಬರೆಯುವ ಅಮೆರಿಕದ ಯುಎಸ್‌ಜಿಎ ಮತ್ತು ಸೇಂಟ್ ಆಂಡ್ರೂಸಿನ ಆರ್ ಅಂಡ್ ಎ ಸಂಸ್ಥೆಗಳವರು ಲೋಲಕದಿಂದ ಫೇಸ್ ಬಡಿದು, ಎಷ್ಟು ಹೊತ್ತು ತಾಗಿತ್ತು ಎಂದು ಮೈಕ್ರೋಸೆಕೆಂಡಿನಲ್ಲಿ ಅಳೆಯುತ್ತಾರೆ. 239, ಅದರ ಮೇಲೆ 18ರ ವಿನಾಯಿತಿ, ಅಷ್ಟೇ. ಸಾವಿರಾರು ಸಲ ಇಂಥ ಪೆಟ್ಟು ತಿನ್ನುವ ಜಾಗಕ್ಕೆ ಕಾರ್ಬನ್ ಹಾಕಲು ಬಹಳ ಕಾಲ ಹಿಂಜರಿದರು. 2022ರಲ್ಲಿ ಟೇಲರ್‌ಮೇಡ್‌ನ ‘ಸ್ಟೆಲ್ತ್’ 60 ಪದರದ ಕಾರ್ಬನ್ ಫೇಸಿನೊಂದಿಗೆ ಬಂತು. ಮಳೆಯಲ್ಲಿ ಚೆಂಡು ಜಾರದಿರಲಿ ಎಂದು ಅದರ ಮೇಲೊಂದು ಪಾಲಿಯುರೆಥೇನ್ ಪೊರೆ. ಪುಟಿತದ ಮಿತಿ ಎಲ್ಲರಿಗೂ ಒಂದೇ ಆದ್ದರಿಂದ ಅಲ್ಲಿಯೂ ಆಸೆ ಮುಖ್ಯವಾಗಿ ಮುಂದಿನ ತೂಕ ಇಳಿಸಿ ಬೇರೆಡೆ ಬಳಸುವುದೇ.

ಲೋಹಕ್ಕೂ ಕಾರ್ಬನ್ನಿಗೂ ಮದುವೆ ಮಾಡಿಸುವುದು ಅಂಟು. ಬೆಸುಗೆ ಇಲ್ಲಿ ನಡೆಯದು. ಮನೆಯಲ್ಲಿ ಒಡೆದ ಪಿಂಗಾಣಿ ಕೂಡಿಸಲು ಎರಡು ಟ್ಯೂಬಿನಿಂದ ಸಮಸಮ ಹಿಂಡಿ ಕಲಸುತ್ತೇವಲ್ಲ, ಅರಾಲ್ಡೈಟ್, ಅದೇ ಎಪಾಕ್ಸಿ ಕುಲದ ಅಂಟು, ಇನ್ನಷ್ಟು ಗಟ್ಟಿ, ಇನ್ನಷ್ಟು ಪೆಟ್ಟು ತಾಳುವಂಥದು. ಸೀಳಿದ ಹೆಡ್ಡಿನಲ್ಲಿ ಆ ಸಂಧಿಯನ್ನು ಬೆರಳಿನಿಂದ ಸವರಿದೆ. ಟೈಟಾನಿಯಂ ಅಂಚಿನಲ್ಲಿ ಡಬ್ಬಿಯ ಕಂಠದಂತೆ ಕಿರಿದಾದ ಮೆಟ್ಟಿಲು, ಅದರ ಮೇಲೆ ಕಾರ್ಬನ್ ಮುಚ್ಚಳ ಕೂತು ಹೊರಗೆ ಏರುತಗ್ಗಿಲ್ಲದೆ ಒಂದಾಗಿದೆ. ನಡುವಿನ ಅಂಟಿನ ಗೆರೆ ಕೂದಲೆಳೆಯಷ್ಟು. ಅದು ತೀರಾ ತೆಳುವಾದರೂ ಹಿಡಿಯದು, ದಪ್ಪವಾದರೂ ಹಿಡಿಯದು. ಎಲ್ಲೆಡೆ ಒಂದೇ ಅಂತರವಿರಲಿ ಎಂದು ಅಂಟಿಗೆ ಸೂಕ್ಷ್ಮ ಗಾಜಿನ ಮಣಿ ಬೆರೆಸುವ ಉಪಾಯವೂ ಉಂಟು. ಅಂಟು ಬಳಿಯುವ ಮುನ್ನ ಲೋಹದ ಮೈಯನ್ನು ಮರಳು ಊದಿ ಒರಟು ಮಾಡಿ, ಜಿಡ್ಡು ತೆಗೆಯಬೇಕು. ಬೆವರಿದ ಒಂದು ಹೆಬ್ಬೆಟ್ಟಿನ ಗುರುತು ಸಾಕು, ವರ್ಷದ ನಂತರ ಅಲ್ಲಿಂದಲೇ ಬಿಟ್ಟುಕೊಳ್ಳಲು.

ಎರಡು ವಸ್ತುಗಳ ಹೊಂದಾಣಿಕೆಯನ್ನೂ ನೋಡಬೇಕು. ಕಾವೇರಿದರೆ ಟೈಟಾನಿಯಂ ಹಿಗ್ಗುತ್ತದೆ, ಕಾರ್ಬನ್ ನಾರು ಬಹುತೇಕ ಹಿಗ್ಗುವುದೇ ಇಲ್ಲ. ಆ ಜಗ್ಗಾಟವನ್ನೆಲ್ಲ ಸಹಿಸುವುದು ನಡುವಿನ ಅಂಟು. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಕಾರಿನ ಡಿಕ್ಕಿಯೊಳಗೆ ಕೋಲುಗಳನ್ನು ಬಿಡಬೇಡಿ ಎಂದು ತಿಳಿದವರು ಹೇಳುವುದು ಇದಕ್ಕೇ. ಇನ್ನು ಕಾರ್ಬನ್ ವಿದ್ಯುತ್ ಹರಿಸುವ ವಸ್ತು. ಅಲ್ಯೂಮಿನಿಯಂ ಜತೆ ನೇರ ತಾಗಿ ತೇವವೂ ಸೇರಿದರೆ ಸಣ್ಣ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ತಿಂದುಹೋಗುತ್ತದೆ. ವಿಮಾನಗಳಲ್ಲಿ ನಡುವೆ ಗಾಜಿನ ನಾರಿನ ಪದರವಿಡುವುದು ಈ ಭಯದಿಂದ. ಟೈಟಾನಿಯಂ ಮಾತ್ರ ಕಾರ್ಬನ್ ಜತೆ ಜಗಳವಿಲ್ಲದೆ ಬಾಳುತ್ತದೆ. ಈ ಜೋಡಿ ಬಹುಕಾಲ ಉಳಿದುಬಂದಿರುವುದಕ್ಕೆ ಅದೂ ಒಂದು ಕಾರಣ.

ಸದ್ದಿನ ವಿಷಯ ಬೇರೆಯೇ. ಪಾತ್ರೆ ಅಂಗಡಿಯಲ್ಲಿ ನಾವು ಹಿತ್ತಾಳೆ ಬಿಂದಿಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ, ಮಡಕೆಯನ್ನು ಕಿವಿಗೆ ಹಿಡಿದು ಕೊಳ್ಳುವವರು. ಗಾಲ್ಫ್ ಆಡುವವರೂ ಹಾಗೆಯೇ. ಹೊಡೆತ ಚೆನ್ನಾಗಿ ಬಂತೋ ಇಲ್ಲವೋ ಎಂಬುದನ್ನು ಅವರ ಕಿವಿ ಚೆಂಡು ಬೀಳುವುದಕ್ಕಿಂತ ಮೊದಲೇ ತೀರ್ಮಾನಿಸಿಬಿಡುತ್ತದೆ. ತೆಳು ಟೈಟಾನಿಯಂ ಬುರುಡೆ ಗಂಟೆಯಂತೆ ಮೊಳಗುತ್ತದೆ. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ವೈದ್ಯರು, ಅಂಥ ಡ್ರೈವರಿನಲ್ಲಿ ವಾರಕ್ಕೆ ಮೂರು ಸಲದಂತೆ ಹದಿನೆಂಟು ತಿಂಗಳು ಆಡಿದ 55 ವರ್ಷದ ಒಬ್ಬರ ಶ್ರವಣ ದೋಷಕ್ಕೆ ಆ ಸದ್ದೇ ಕಾರಣವಿರಬಹುದು ಎಂದು ವರದಿ ಮಾಡಿದ್ದರು. ಕಾರ್ಬನ್ ಇದಕ್ಕೆ ತದ್ವಿರುದ್ಧ, ಕಂಪನವನ್ನು ನುಂಗಿ ಮಂಕು ಸದ್ದು ಕೊಡುತ್ತದೆ. ಎರಡೂ ಸೇರಿದ ಹೆಡ್ಡಿನಲ್ಲಿ ಎಂಜಿನಿಯರು ಸಂಗೀತದವನ ಕೆಲಸ ಮಾಡಬೇಕು. ಯಾವ ಭಾಗ ಯಾವ ಕಂಪನಾಂಕದಲ್ಲಿ ನಡುಗುತ್ತದೆ ಎಂದು ಕಂಪ್ಯೂಟರಿನಲ್ಲಿ ಹುಡುಕಿ, ಕರ್ಕಶವಾಗುವ ಕಡೆ ಒಂದೆರಡು ಗ್ರಾಮಿನ ಪಕ್ಕೆಲುಬು ಕೂರಿಸುತ್ತಾರೆ. ಮೃದಂಗದ ಬಲಮುಖಕ್ಕೆ ಕರಣೆ ಹಚ್ಚುವವರು ತಲೆಮಾರುಗಳ ಅನುಭವದಿಂದ ಕಂಡುಕೊಂಡದ್ದು ಇದನ್ನೇ. ಚರ್ಮದ ನಡುವೆ ಕೂತ ಆ ಸ್ವಲ್ಪ ಭಾರ ಒರಟು ಸದ್ದನ್ನು ಶ್ರುತಿಗೆ ತರುತ್ತದೆ. ಸಿ.ವಿ. ರಾಮನ್ ಬೆಂಗಳೂರಿಗೆ ಬಂದ ಮರುವರ್ಷ, 1934ರಲ್ಲಿ, ಭಾರತೀಯ ಚರ್ಮವಾದ್ಯಗಳ ಈ ಗುಣದ ಬಗ್ಗೆಯೇ ಪ್ರಬಂಧ ಪ್ರಕಟಿಸಿದರು. ಹೆಡ್ಡಿನೊಳಗಿನ ಪಕ್ಕೆಲುಬು ನೋಡಿದಾಗಲೆಲ್ಲ ನನಗೆ ಕರಣೆ ನೆನಪಾಗುತ್ತದೆ.

ಹೊಸ ಡ್ರೈವರ್ ಬೆಲೆ ಈಗ ಅರ್ಧ ಲಕ್ಷ ರೂಪಾಯಿ ದಾಟುತ್ತದೆ. ಪ್ರತಿ ವರ್ಷ ಹೊಸತು ಕೊಳ್ಳುವುದರಲ್ಲಿ ನನಗೆ ನಂಬಿಕೆಯಿಲ್ಲ. ಗಾತ್ರ, ಪುಟಿತ, ಎಂಓಐ ಮೂರಕ್ಕೂ ನಿಯಮದ ಬೇಲಿ ಬಿದ್ದು ಇಪ್ಪತ್ತು ವರ್ಷವಾಗುತ್ತಾ ಬಂದಿದೆ. ಬೇಲಿಯೊಳಗಿನ ಕೃಷಿ ಸೂಕ್ಷ್ಮವಾಗುತ್ತಿದೆ, ಹೊಲ ದೊಡ್ಡದಾಗುತ್ತಿಲ್ಲ. ಆಟವೂ ಡ್ರೈವರಿನಲ್ಲೇ ಮುಗಿಯುವುದಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವುದರಲ್ಲಿ ಹೆಸರಾದವರಲ್ಲ. ಟೋಕಿಯೊ ಒಲಿಂಪಿಕ್ಸಿನಲ್ಲಿ ತಾಯಿಯೇ ಕ್ಯಾಡಿಯಾಗಿ ಜತೆಗಿದ್ದಾಗ ಅವರು ಒಂದೇ ಹೊಡೆತದ ಅಂತರದಲ್ಲಿ ಕಂಚು ತಪ್ಪಿಸಿಕೊಂಡು ನಾಲ್ಕನೆಯವರಾದರು. ಆ ನಾಲ್ಕು ದಿನ ಅವರನ್ನು ಅಲ್ಲಿ ನಿಲ್ಲಿಸಿದ್ದು ಮುಖ್ಯವಾಗಿ ಪಟರ್.

ನನ್ನ ಗಲಗಲದ ಮೂಲ ಕೊನೆಗೂ ಸಿಕ್ಕಿತು. ಅಂಗಡಿಯವರು ಹೆಡ್ ಬಿಚ್ಚಿ, ತಳದ ತೂಕದ ಸ್ಕ್ರೂ ತೆಗೆದು ಟಾರ್ಚ್ ಹಿಡಿದರು. ಒಳಗೆ ಜೋಳದ ಕಾಳಿನಷ್ಟು ಒಣಗಿದ ಎಪಾಕ್ಸಿ ಚೂರು, ಸಂಧಿಯಿಂದ ಉದುರಿದ್ದು. ಹೊರಗೆ ತೆಗೆಯಲು ಬಾರದು, ತೂತು ಅದಕ್ಕಿಂತ ಚಿಕ್ಕದು. ಬಿಸಿ ಅಂಟು ಸ್ವಲ್ಪ ಒಳಗೆ ಬಿಟ್ಟು ಚೂರನ್ನು ಅದಕ್ಕೇ ಅಂಟಿಸಿಬಿಡುವುದು ರೂಢಿ.

“ಅಂಟು ಎಲ್ಲಿ ಕೂರಿಸ್ಲಿ ಸಾರ್? ನಿಮ್ಮ ಚೆಂಡು ಎತ್ತ ಹೋಗುತ್ತೆ?”

“ಬಲಕ್ಕೆ. ಯಾವಾಗ್ಲೂ ಬಲಕ್ಕೇ.”

“ಹಂಗಾದ್ರೆ ಹೀಲ್‌ಗೆ ಹಾಕ್ತೀನಿ. ಫೇಸ್ ಸ್ವಲ್ಪ ಬೇಗ ಮುಚ್ಕೊಳ್ಳುತ್ತೆ.”

ಅಂಟು ಬಿಟ್ಟು ಹೆಡ್ಡನ್ನು ಹೀಲಿನ ಕಡೆಗೆ ವಾಲಿಸಿ ಹಿಡಿದರು. ಚೂರು ಉರುಳಿ ಅದರಲ್ಲಿ ಹೂತುಕೊಂಡ ಸದ್ದು ಕೇಳಿತು. ತಣಿಯುವವರೆಗೂ ಕೈ ಅಲ್ಲಾಡಿಸದೆ ನಿಂತರು. ಆಮೇಲೆ ಚಿನ್ನದಂಗಡಿಯ ತಕ್ಕಡಿಯಂಥ ಪುಟ್ಟ ಡಿಜಿಟಲ್ ತಕ್ಕಡಿಯ ಮೇಲೆ ಸ್ಕ್ರೂ ಸಮೇತ ಇಟ್ಟರು: 203. ಅಂಟು ಬಿಡುವ ಮುನ್ನ 201 ಇತ್ತು. ಎರಡು ಗ್ರಾಂ ತಾನೇ, ಇರಲಿ ಬಿಡಿ ಎಂದೆ. ಇಲ್ಲ ಸಾರ್, ಬೀಸುವಾಗ ಕೈಗೆ ಗೊತ್ತಾಗುತ್ತೆ ಎನ್ನುತ್ತಾ ಡ್ರಾಯರಿನ ತಳದಲ್ಲಿ ಹುಡುಕಿ, ಒಂಬತ್ತು ಗ್ರಾಮಿನ ಸ್ಕ್ರೂ ತೆಗೆದು ಏಳು ಗ್ರಾಮಿನದನ್ನು ತಿರುಗಿಸಿ ಬಿಗಿದು, ಮತ್ತೆ ತಕ್ಕಡಿಯ ಮೇಲಿಟ್ಟರು.